ಕೈಬರಹ ನೋಡಿ ಹಣೆಬರಹ ಬರೆದ ಒಂದು ಪ್ರಕರಣ

ಈ ಪ್ರಕರಣದಲ್ಲಿ ತಪ್ಪು ಮಾಡಿದ್ದು ನಾನು, ಅನುಭವಿಸಿದ್ದು ಇನ್ನೊಬ್ಬ. ಅವನ ಒಪ್ಪಿಗೆ ತಗೊಂಡೇ ಬರೀತಿದೀನಿ, ಹೆಸರು ಹಾಕಲ್ಲ, ಮಿಲ್ಲಿನ ಹೆಸರೂ ಹಾಕಲ್ಲ. ಗ್ರಾಫಾಲಜಿ, ಅಂದ್ರೆ ಕೈಬರಹ ನೋಡಿ ಸ್ವಭಾವ ಹೇಳೋ ವಿದ್ಯೆ, ಅದರ ಕೋರ್ಸಿಗೆ ದುಡ್ಡು ಕಟ್ಟೋಕೆ ಹೊರಟಿರೋರು, ಅದನ್ನ ನಂಬಿ ಕೆಲಸಕ್ಕೆ ಜನ ತಗೊಳ್ಳೋರು ದಯವಿಟ್ಟು ಪೂರ್ತಿ ಓದಿ.

ನಮ್ಮೂರು ತಾಳವಾಡಿ ಕಡೆ. ಗೊತ್ತಿಲ್ಲದೋರಿಗೆ ಹೇಳ್ಬೇಕಂದ್ರೆ ರಾಜ್ಯ ತಮಿಳ್ನಾಡು, ಜಿಲ್ಲೆ ಈರೋಡು, ಮನೆಮಾತು ಕನ್ನಡ, ಬಟ್ಟೆಬರೆ ಮದ್ವೆ ಮುಂಜಿ ಅಂದ್ರೆ ಚಾಮರಾಜನಗರ, ಸರ್ಕಾರಿ ಕಾಗದ ಪತ್ರ ಅಂದ್ರೆ ದಿಂಬಂ ಘಾಟಿಯ 27 ತಿರುವು ಇಳಿದು ಬಣ್ಣಾರಿ ಮಾರಮ್ಮನಿಗೆ ಕೈ ಮುಗಿದು ಸತ್ಯಮಂಗಲ. ನಾನು ಕನ್ನಡ ಮೀಡಿಯಂ ಸ್ಕೂಲಲ್ಲಿ ಮೇಷ್ಟ್ರಾಗಿದ್ದೋನು. ಮಕ್ಕಳ ಅಕ್ಷರ ತಿದ್ದೋದು ಅಂದ್ರೆ ನಂಗೆ ಮೊದಲಿಂದ್ಲೂ ಇಷ್ಟ, ತಲೆಕಟ್ಟು ಸರಿಯಾಗಿ ಬೀಳೋವರೆಗೂ ಬಿಡ್ತಿರ್ಲಿಲ್ಲ. ಲಾಕ್‌ಡೌನ್ ಟೈಮಲ್ಲಿ ಆನ್‌ಲೈನಲ್ಲಿ ಒಂದು ಗ್ರಾಫಾಲಜಿ ಡಿಪ್ಲೊಮಾ ಮಾಡ್ದೆ, ಸರ್ಟಿಫಿಕೇಟು ಬಂತು, ಫ್ರೇಮ್ ಹಾಕಿಸಿ ಗೋಡೆಗೆ ಹಾಕ್ದೆ. ಆಮೇಲೆ ಶನಿವಾರ ಭಾನುವಾರ ಸತ್ಯಮಂಗಲದಲ್ಲಿ ಒಂದು ರೂಮ್ ಬಾಡಿಗೆ ಹಿಡಿದು ಅಕ್ಷರ ತಿದ್ದೋ ಕ್ಲಾಸು ಶುರು ಮಾಡಿದ್ದು, ಅದರ ಜೊತೆಗೆ ಕೈಬರಹ ನೋಡಿ ಸ್ವಭಾವ ಹೇಳೋದು.

2022ರ ಜೂನಲ್ಲಿ ಒಂದು ನೂಲಿನ ಮಿಲ್ಲಿನ ಮ್ಯಾನೇಜರು ಬಂದ್ರು. ಮನೇಲಿ ಕನ್ನಡ ಮಾತಾಡೋರೇ, ಪರಿಚಯದೋರು. "ಮೇಷ್ಟ್ರೇ, ಅಕೌಂಟ್ಸ್‌ಗೆ ಒಬ್ಬ ಬೇಕು, ಕ್ಯಾಶು ಮುಟ್ಟೋ ಕೆಲ್ಸ, ನಾಲ್ಕು ಜನ ಕೈಬರಹದಲ್ಲಿ ಅರ್ಜಿ ಕೊಟ್ಟಿದಾರೆ, ಯಾರು ನಂಬಿಕಸ್ಥ ಅಂತ ನೋಡಿ ಹೇಳಿ" ಅಂತ ನಾಲ್ಕು ಹಾಳೆ ಟೇಬಲ್ ಮೇಲಿಟ್ರು. ಒಂದಕ್ಕೆ ಇಷ್ಟು ಅಂತ ಫೀಸು.

ನಾಲ್ಕರಲ್ಲಿ ಒಂದು ಹಾಳೆ ಇಂಗ್ಲಿಷಲ್ಲಿ ಬರೆದಿದ್ದು, ಬಿ.ಕಾಂ ಫಸ್ಟ್ ಕ್ಲಾಸು, ಟ್ಯಾಲಿ ಬರುತ್ತೆ, ವಿಳಾಸದ ಜಾಗದಲ್ಲಿ ಭವಾನಿಸಾಗರದ ಶ್ರೀಲಂಕಾ ತಮಿಳು ನಿರಾಶ್ರಿತರ ಕ್ಯಾಂಪು. ನಾನು ಅದರ ಬಗ್ಗೆ ಬರೆದ ರಿಪೋರ್ಟಿನ ಕಾಪಿ ಈಗ್ಲೂ ಇದೆ, ಇದ್ದ ಹಾಗೇ ಹಾಕ್ತೀನಿ: "ಅಕ್ಷರ ಸಣ್ಣ, ಎಡಕ್ಕೆ ವಾಲಿದೆ, ಮನಸ್ಸಲ್ಲಿರೋದನ್ನ ಹೊರಗೆ ಬಿಡದ ವ್ಯಕ್ತಿ. ಒತ್ತಡ ಜಾಸ್ತಿ, ಹಾಳೆ ಹಿಂದೆ ಉಬ್ಬು ಕಾಣುತ್ತೆ, ಒಳಗೆ ಅದುಮಿಟ್ಟ ಕೋಪ ಇದೆ. ಮಾರ್ಜಿನ್ ಬಿಟ್ಟಿಲ್ಲ, ಬೇರೆಯವರ ಜಾಗಕ್ಕೆ ನುಗ್ಗೋ ಗುಣ. ಅಕ್ಷರ ಒಂದಕ್ಕೊಂದು ಸೇರಲ್ಲ, ಜನರ ಜೊತೆ ಬೆರೆಯೋನಲ್ಲ. ಸಹಿ ಮೂರು ಕಡೆ ಇದೆ, ಮೂರೂ ಅಚ್ಚು ಹೊಡೆದ ಹಾಗಿವೆ, ಅತಿಯಾದ ಹಿಡಿತ, ಏನನ್ನೋ ಮರೆಮಾಚುವ ಸಾಧ್ಯತೆ. ಹಣದ ಜವಾಬ್ದಾರಿಗೆ ಶಿಫಾರಸು ಮಾಡಲಾಗುವುದಿಲ್ಲ."

ಕೆಳಗೆ ಸಹಿ, ಡಿಪ್ಲೊಮಾ ಸೀಲು. ಕಾಲು ಗಂಟೆ ಹಿಡಿದಿರಬಹುದು ಇಷ್ಟಕ್ಕೆ.

ಕೆಲಸ ಇನ್ನೊಬ್ಬನಿಗೆ ಹೋಯ್ತು. ನಾನು ಮರೆತುಬಿಟ್ಟಿದ್ದೆ. ಎರಡು ತಿಂಗಳು ಬಿಟ್ಟು ಆಗಸ್ಟಲ್ಲಿ ಕ್ಲಾಸು ಮುಗಿಸಿ ಬಾಗಿಲು ಹಾಕ್ತಿದ್ದೆ, ಒಬ್ಬ ಹುಡುಗ ಬಂದು ನಿಂತ, ಶರ್ಟ್ ಮೇಲೆ ಪೇಂಟಿನ ಹನಿ, ಕೈಯಲ್ಲಿ ನನ್ನ ರಿಪೋರ್ಟಿನ ಜೆರಾಕ್ಸು, ಮಿಲ್ಲಲ್ಲಿ ಯಾರೋ ಕೊಟ್ಟಿದ್ರಂತೆ. ಜಗಳಕ್ಕೆ ಬಂದಿರ್ಲಿಲ್ಲ. ತಮಿಳಲ್ಲಿ ಕೇಳ್ದ, "ಸಾರ್, ಇದ್ರಲ್ಲಿ ಯಾವುದನ್ನ ಸರಿ ಮಾಡ್ಕೊಂಡ್ರೆ ಮುಂದಿನ ಸಲ ಕೆಲಸ ಸಿಗುತ್ತೆ? ಅಕ್ಷರ ಬದಲಾಯಿಸ್ಕೋತೀನಿ, ಕ್ಲಾಸಿಗೆ ಎಷ್ಟು ಫೀಸು?"

ನಂಗೆ ಆಗ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯ್ತು. ಕೂರಿಸಿ ಒಂದು ಹಾಳೆ ಕೊಟ್ಟು ಬರಿ ಅಂದೆ. ಎಡಗೈಯಲ್ಲಿ ಪೆನ್ನು ಹಿಡ್ಕೊಂಡ.

ಅಷ್ಟೇ ಸಾಕಿತ್ತು. ಎಡಗೈಯೋರ ಅಕ್ಷರ ಎಡಕ್ಕೆ ವಾಲೋದು ತೀರಾ ಸಾಮಾನ್ಯ, ಇಷ್ಟು ವರ್ಷ ಕ್ಲಾಸಲ್ಲಿ ಎಷ್ಟೋ ಎಡಚರನ್ನ ನೋಡಿದೀನಿ, ಆದ್ರೂ ಯಾವ ಕೈಯಲ್ಲಿ ಬರೀತಾನೆ ಅಂತ ಒಂದು ಮಾತು ಕೇಳದೆ ಅವನ ಮನಸ್ಸು ಎಂಥದ್ದು ಅಂತ ಬರೆದುಕೊಟ್ಟಿದ್ದೆ.

ಮುಂದಿನ ಭಾನುವಾರ ಅವನ ಜೊತೆ ಕ್ಯಾಂಪಿಗೆ ಹೋದೆ. ಹಳೇ ಸಾಲುಮನೆ, ಒಂದೇ ಕೋಣೆ, ಅಲ್ಲೇ ಒಲೆ ಅಲ್ಲೇ ಹಾಸಿಗೆ. ಅವನ ತಾಯಿ "ಐಯಾ, ವಾಂಗೋ" ಅಂತ ಕರೆದು ಹಾಲಿಲ್ಲದ ಪ್ಲೇನ್ ಟೀ ಕೊಟ್ರು, ಲಂಕಾದೋರು ಕುಡಿಯೋ ಹಾಗೆ. 1990ರಲ್ಲಿ ಅಲ್ಲಿ ಮತ್ತೆ ಯುದ್ಧ ಶುರುವಾದಾಗ ತಲೈಮನ್ನಾರ್ ಕಡೆಯಿಂದ ದೋಣಿ ಹತ್ತಿ ಬಂದೋರು, ರಾಮೇಶ್ವರದ ಹತ್ರದ ಮಂಟಪಂ ಕ್ಯಾಂಪಲ್ಲಿ ಹೆಸರು ಬರೆಸಿ ಅಲ್ಲಿಂದ ಇಲ್ಲಿಗೆ ಕಳಿಸಿದ್ರಂತೆ. ಹುಡುಗ ಹುಟ್ಟಿದ್ದು 1994ರಲ್ಲಿ, ಇಲ್ಲೇ.

ಅವನು ಏಳನೇ ಕ್ಲಾಸಿಂದ ಕ್ಯಾಂಪಿನೋರ ಫಾರ್ಮು ತುಂಬಿಸ್ತಾನೆ. ಹೊರಗೆ ಹೋಗಿ ರಾತ್ರಿ ಉಳೀಬೇಕಂದ್ರೆ ಅರ್ಜಿ, ಮದ್ವೆಗೆ ಅರ್ಜಿ, ಕಾಲೇಜಿಗೆ ಅರ್ಜಿ, ಬೇರೆ ಕ್ಯಾಂಪಲ್ಲಿರೋ ಅಣ್ಣನ ಹತ್ರ ಹೋಗಿರೋಕೆ ಅರ್ಜಿ, ಎಲ್ಲದಕ್ಕೂ ಮೂರು ಕಾಪಿ, ರೆವಿನ್ಯೂ ಆಫೀಸಿಗೊಂದು, ಕ್ಯಾಂಪಿನೋರ ಮೇಲೆ ಕಣ್ಣಿಡೋ ಕ್ಯೂ ಬ್ರಾಂಚ್ ಪೊಲೀಸಿಗೊಂದು, ಕೈಯಲ್ಲೊಂದು. ಜೆರಾಕ್ಸಿಗೆ ದುಡ್ಡೂ ಇಲ್ಲ, ಹತ್ತಿರ ಅಂಗಡೀನೂ ಇಲ್ಲ, ಅದಕ್ಕೆ ಕೆಳಗೆ ಎರಡು ಕಾರ್ಬನ್ ಇಟ್ಟು ಬರೆಯೋದು. ಮೂರನೇ ಕಾಪಿ ಮೇಲೆ ಅಕ್ಷರ ಮೂಡಬೇಕಂದ್ರೆ ಒತ್ತಲೇಬೇಕು. ನಾನು "ಅದುಮಿಟ್ಟ ಕೋಪ" ಅಂದಿದ್ದು ಇದಕ್ಕೆ. ಫಾರ್ಮಿನ ಚೌಕಗಳಲ್ಲಿ ಒಂದೊಂದೇ ಅಕ್ಷರ ಬರೆದೂ ಬರೆದೂ ಅಕ್ಷರ ಸೇರಿಸಿ ಬರೆಯೋದು ಅವನಿಗೆ ಅಭ್ಯಾಸವೇ ಆಗ್ಲಿಲ್ಲ, ನಂಗೆ ಅದು ಜನರ ಜೊತೆ ಬೆರೆಯದೋನ ಲಕ್ಷಣ. ಮಾರ್ಜಿನ್ ಯಾಕಿಲ್ಲ ಅಂದ್ರೆ ನೋಟ್‌ಬುಕ್ಕು ವರ್ಷಕ್ಕೆ ಇಷ್ಟೇ ಅಂತ ಲೆಕ್ಕ, ಅಂಚಿನವರೆಗೂ ಬರೀಬೇಕು. ಸಹಿ ಅಚ್ಚಿನ ಹಾಗಿರೋದು ಯಾಕೆ ಅಂತ ಅವನ ತಾಯಿ ಹೇಳಿದ್ರು: ತಿಂಗಳಿಗೊಮ್ಮೆ ಸರ್ಕಾರದ ಸಹಾಯಧನ ತಗೊಳ್ಳೋವಾಗ ರಿಜಿಸ್ಟರಲ್ಲಿ ಸಹಿ ಹೋದ ತಿಂಗಳ ಥರ ಇಲ್ಲ ಅಂದ್ರೆ ಪ್ರಶ್ನೆ, ಆ ಹೊತ್ತಲ್ಲಿ ಹಾಜರಿಲ್ಲ ಅಂದ್ರೆ ದೊಡ್ಡ ಪ್ರಶ್ನೆ. ಆ ಸಹಾಯಧನ ಅಂದ್ರೆ 2021ರ ಆಗಸ್ಟಲ್ಲಿ ಜಾಸ್ತಿ ಮಾಡಿದ ಮೇಲೂ ಮನೆ ಯಜಮಾನರಿಗೆ ತಿಂಗಳಿಗೆ 1500, ಉಳಿದ ದೊಡ್ಡೋರಿಗೆ 1000, ಚಿಕ್ಕ ಮಕ್ಕಳಿಗೆ 500 ರೂಪಾಯಿ.

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡ್ಬೇಕು. "ನೋಡಿದ್ರಾ, ಕೈಬರಹದಲ್ಲಿ ಅವನ ಬದುಕೆಲ್ಲಾ ಇತ್ತು, ನಿಮಗೆ ಓದೋಕೆ ಬರ್ಲಿಲ್ಲ ಅಷ್ಟೇ" ಅಂತ ನನ್ನ ಕೋರ್ಸಿನ ಗುರುಗಳೇ ಆಮೇಲೆ ಹೇಳಿದ್ರು. ಒಪ್ಪಲ್ಲ ನಾನು. ಕಾರ್ಬನ್ ವಿಷಯ ನಂಗೆ ಹಾಳೆ ನೋಡಿ ಗೊತ್ತಾಗಿದ್ದಲ್ಲ, ಅವನು ಬಾಯಿಬಿಟ್ಟು ಹೇಳಿದ್ದಕ್ಕೆ ಗೊತ್ತಾಯ್ತು. ಒತ್ತಿ ಬರೆಯೋಕೆ ನೂರು ಕಾರಣ ಇರ್ತವೆ, ಕೆಟ್ಟ ರೀಫಿಲ್ಲು, ಒರಟು ಟೇಬಲ್ಲು, ಬಸ್ಸಲ್ಲಿ ಕೂತು ಬರೆದದ್ದು. ಆ ನೂರರಲ್ಲಿ ಯಾವುದು ಅಂತ ಹಾಳೆ ಹೇಳಲ್ಲ.

ಮನೆಗೆ ಬಂದು ಕೋರ್ಸಿನ ನೋಟ್ಸು ತೆಗೆದು ಕೂತೆ. ಈ ವಿದ್ಯೆ ಹುಟ್ಟಿದ್ದು ಯುರೋಪಲ್ಲಿ. 1622ರಲ್ಲೇ ಇಟಲಿಯ ಕಾಮಿಲ್ಲೊ ಬಾಲ್ದಿ ಅನ್ನೋನು ಪತ್ರ ನೋಡಿ ಬರೆದೋನ ಗುಣ ತಿಳಿಯೋದು ಹೇಗೆ ಅಂತ ಪುಸ್ತಕ ಬರೆದಿದ್ದ, ಗ್ರಾಫಾಲಜಿ ಅನ್ನೋ ಹೆಸರು ಕೊಟ್ಟಿದ್ದು 19ನೇ ಶತಮಾನದಲ್ಲಿ ಫ್ರಾನ್ಸಿನ ಪಾದ್ರಿ ಮಿಶೋಂ, ಫ್ರಾನ್ಸಲ್ಲಿ ಕೆಲಸಕ್ಕೆ ತಗೊಳ್ಳೋಕೆ ಇದನ್ನ ಬಹಳ ವರ್ಷ ಬಳಸಿದ್ರು. ನಿಯಮ ಎಲ್ಲಾ ಇಂಗ್ಲಿಷ್ ಥರದ ಕೂಡುಬರಹಕ್ಕೆ ಮಾಡಿದ್ದು, ಟಿ ಮೇಲಿನ ಅಡ್ಡಗೆರೆ ಎಷ್ಟು ಎತ್ತರದಲ್ಲಿದೆ, ಐ ಮೇಲಿನ ಚುಕ್ಕೆ ಎಲ್ಲಿ ಬಿತ್ತು, ಜಿ ಬಾಲ ಎಷ್ಟು ಉದ್ದ. ನಮ್ಮ ಕನ್ನಡದಲ್ಲಿ ಅಡ್ಡಗೆರೆ ಎಲ್ಲಿದೆ? ತಲೆಕಟ್ಟು, ಕೊಂಬು, ಗುಡಿಸು, ಕೆಳಗೆ ನೇತಾಡೋ ಒತ್ತಕ್ಷರ ಇದಕ್ಕೆಲ್ಲಾ ಯಾವ ಗುಣ? ಕೋರ್ಸಲ್ಲಿ ಕೇಳಿದ್ದೆ, "ಅದೇ ತತ್ವ ಅನ್ವಯ ಮಾಡ್ಕೊಳ್ಳಿ" ಅಂದಿದ್ರು, ನಾನೂ ಮಾಡ್ಕೊಂಡಿದ್ದೆ, ಒತ್ತಕ್ಷರ ದೊಡ್ಡದಾಗಿ ಬರೆಯೋರು ಹಠಮಾರಿಗಳು ಅಂತ ಎಷ್ಟೋ ತಾಯಂದಿರಿಗೆ ಅವರ ಮಕ್ಕಳ ಬಗ್ಗೆ ಹೇಳಿದೀನಿ. ಅದು ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗುತ್ತೆ.

ಆಮೇಲೆ ಒಂದು ಪರೀಕ್ಷೆ ಮಾಡ್ದೆ. ಕೋರ್ಸಲ್ಲಿ ಜೊತೆಗಿದ್ದ ಇಬ್ಬರಲ್ಲಿ ಒಬ್ಬರಿಗೆ ಹುಡುಗನ ಅದೇ ಅರ್ಜಿ, ಕ್ಯಾಂಪಿನ ವಿಳಾಸ ಇರೋದು, ಅವನ ಹೆಸರು ಮಾತ್ರ ಮುಚ್ಚಿ ಕಳಿಸ್ದೆ. ಇನ್ನೊಬ್ಬರಿಗೆ ಅವನ ಕೈಯಲ್ಲೇ ಕರೆಂಟ್ ಬಿಲ್ಲಿನ ಹಿಂದೆ ಅಚ್ಚಾಗಿರೋ ಸೂಚನೆಗಳನ್ನ ನಕಲು ಮಾಡಿಸಿ ಕಳಿಸ್ದೆ, ಊರು ವಿಳಾಸ ಏನೂ ಇಲ್ಲ. ಮೊದಲನೇಯವರು ಹೆಚ್ಚುಕಮ್ಮಿ ನನ್ನ ಮಾತೇ ಹೇಳಿದ್ರು, ಮುಚ್ಚುಮರೆ, ಅಸುರಕ್ಷತೆ. ಎರಡನೇಯವರು "ಶಿಸ್ತು, ನಿಷ್ಠೆ, ಲೆಕ್ಕಪತ್ರಕ್ಕೆ ಹೇಳಿ ಮಾಡಿಸಿದ ಕೈ" ಅಂದ್ರು. ಅದೇ ಒತ್ತಡ, ಅದೇ ವಾಲು, ಅದೇ ಬಿಡಿ ಅಕ್ಷರ.

ಇಬ್ಬರಿಂದ ಏನೂ ಸಾಬೀತಾಗಲ್ಲ, ಗೊತ್ತು. ಆದ್ರೆ ಇದೇ ವಿಷಯದ ಮೇಲೆ ಇಸ್ರೇಲಿನ ನೆಟರ್ ಮತ್ತು ಬೆನ್-ಶಾಖರ್ 1989ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲಾ ಒಟ್ಟು ಹಾಕಿ ನೋಡಿದ್ರು: ಕೈಬರಹದ ಪರಿಣತರು ಮಾಮೂಲಿ ಜನಕ್ಕಿಂತ ಚೆನ್ನಾಗೇನೂ ಹೇಳ್ಲಿಲ್ಲ, ಮತ್ತೆ ಅವರು ಅಲ್ಪಸ್ವಲ್ಪ ಸರಿ ಹೇಳಿದ್ದೂ ಬರೆದೋರು ತಮ್ಮ ಬಗ್ಗೆ ಏನು ಬರೆದಿದ್ರೋ ಆ ವಿಷಯದಿಂದ, ಅಕ್ಷರದ ಆಕಾರದಿಂದ ಅಲ್ಲ. ಅಂದ್ರೆ ನಾನು ಓದಿದ್ದು ಅಕ್ಷರ ಅಲ್ಲವೇ ಅಲ್ಲ, "ಕ್ಯಾಂಪು" ಅನ್ನೋ ಪದ. ಹಾಗಾದ್ರೆ ಜನ "ಕರೆಕ್ಟಾಗಿ ಹೇಳಿದ್ರಿ ಮೇಷ್ಟ್ರೇ" ಅಂತಿದ್ದಿದ್ದು? ಅದಕ್ಕೂ ಉತ್ತರ ಇದೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫೋರರ್ ತನ್ನ ವಿದ್ಯಾರ್ಥಿಗಳಿಗೆ ಸ್ವಭಾವದ ಪರೀಕ್ಷೆ ಮಾಡಿ ಎಲ್ಲರಿಗೂ ಒಂದೇ ರಿಪೋರ್ಟು ಕೊಟ್ಟ, ಅವರು 5ಕ್ಕೆ ಸರಾಸರಿ 4.26 ಅಂಕ ಕೊಟ್ರು, ನನ್ನ ಬಗ್ಗೆಯೇ ಬರೆದ ಹಾಗಿದೆ ಅಂತ.

(ಈ ಬರಹ ಇಂಥವನದ್ದೇ ಅಂತ ಗುರುತಿಸೋದು ಬೇರೆ ವಿದ್ಯೆ, ಕೋರ್ಟಲ್ಲಿ ನಡೆಯೋದು ಅದು. ಅದರಲ್ಲೂ ನಮ್ಮ ಸುಪ್ರೀಂ ಕೋರ್ಟು ಮುರಾರಿಲಾಲ್ ಪ್ರಕರಣದಲ್ಲಿ ಬೆರಳಚ್ಚಿನಷ್ಟು ಪಕ್ಕಾ ಅಲ್ಲ, ಹುಷಾರಾಗಿ ತಗೊಳ್ಳಿ ಅಂದಿದೆ.)

ಇಷ್ಟಕ್ಕೇ ನಿಂತಿದ್ರೆ ಇದು ಒಂದು ಕೆಲಸ ತಪ್ಪಿದ ಪ್ರಕರಣ ಅಷ್ಟೇ ಆಗ್ತಿತ್ತು. ಆದ್ರೆ ಅವತ್ತು ಕ್ಯಾಂಪಲ್ಲಿ ಟೀ ಕುಡೀತಾ ಅವನ ತಾಯಿ ಒಂದು ಪ್ಲಾಸ್ಟಿಕ್ ಕವರ್ ತೆಗೆದ್ರು, ಅವರ ತಮ್ಮನ ಕಾಗದಗಳು. ಯುದ್ಧ ಮುಗಿದ ಮೇಲೆ ಲಂಕಾದಿಂದ ಲಂಡನ್ ಸೇರಿ ಆಶ್ರಯ ಕೇಳಿದ್ದ. ಮೊದಲ ಇಂಟರ್ವ್ಯೂಲಿ ಮಿಲಿಟರಿಯೋರು ಹಿಡ್ಕೊಂಡು ಹೋಗಿದ್ದು ಏಪ್ರಿಲ್ ಅಂದಿದ್ದ, ಎರಡನೇದ್ರಲ್ಲಿ ಜೂನ್ ಅಂದ. ತಾರೀಖು ತಾಳೆ ಆಗಲ್ಲ, ಹೇಳಿಕೆ ನಂಬೋಕಾಗಲ್ಲ ಅಂತ ತಿರಸ್ಕಾರ. ಹುಡುಗ ಅದನ್ನ ನಂಗೆ ಓದಿ ತಮಿಳಲ್ಲಿ ಹೇಳ್ತಾ ಹೋದ, ನಂಗೆ ನನ್ನ ರಿಪೋರ್ಟೇ ಕೇಳಿಸ್ತಿತ್ತು.

ಬ್ರಿಟನ್ನಿನಲ್ಲೇ 2002ರಲ್ಲಿ ಹರ್ಲಿಹಿ ಮತ್ತು ಜೊತೆಯವರು ಕೊಸೊವೊ, ಬೋಸ್ನಿಯಾದಿಂದ ಬಂದ ನಿರಾಶ್ರಿತರನ್ನ, ಸುಳ್ಳು ಹೇಳೋ ಅಗತ್ಯವೇ ಇಲ್ಲದೋರನ್ನ, ಎರಡೆರಡು ಸಲ ಮಾತಾಡಿಸಿ ನೋಡಿದ್ರು. ಒಂದೇ ಘಟನೆಯನ್ನ ಎರಡು ಸಲ ಹೇಳೋವಾಗ ವಿವರ ಬದಲಾಗೋದು ಮಾಮೂಲು ಅಂತ ಬಂತು, ಅದರಲ್ಲೂ ಮನಸ್ಸಿಗೆ ಆಘಾತ ಜಾಸ್ತಿ ಆದೋರಲ್ಲಿ, ನಡುವೆ ದಿನ ಹೆಚ್ಚಾದಷ್ಟೂ. ನಮ್ಮ ಮನೇಲಿ ಅಪ್ಪ ತೀರ್ಕೊಂಡ ದಿನ ಯಾರು ಮೊದಲು ಬಂದ್ರು ಅಂತ ನಾನು ನನ್ನ ತಂಗಿ ಇಬ್ಬರೂ ಬೇರೆ ಬೇರೆ ಹೇಳ್ತೀವಿ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 1979ರಲ್ಲಿ ತಂದ ಕೈಪಿಡಿಯಲ್ಲೇ ಓಡಿ ಬಂದೋನ ಹತ್ರ ಎಲ್ಲಕ್ಕೂ ದಾಖಲೆ ಇರಲ್ಲ, ಸತ್ಯ ಹುಡುಕೋ ಕೆಲಸ ಆಶ್ರಯ ಕೇಳೋನಿಗೂ ಅಧಿಕಾರಿಗೂ ಸೇರಿದ್ದು, ಸಂಶಯದ ಲಾಭ ಅವನಿಗೆ ಕೊಡಿ ಅಂತಿದೆ. ಆಫೀಸುಗಳಲ್ಲಿ ಅದು ಎಷ್ಟರ ಮಟ್ಟಿಗೆ ನಡೆಯುತ್ತೆ ಅನ್ನೋದಕ್ಕೆ ಒಂದು ಪ್ರಕರಣ ಸಾಕು. ಬ್ರಿಟನ್ನಿನಲ್ಲಿ ಆಶ್ರಯ ಕೇಳಿದ, ಕೆ.ವಿ. ಅಂತ ಮಾತ್ರ ದಾಖಲೆಯಲ್ಲಿರೋ ಒಬ್ಬ ಲಂಕಾ ತಮಿಳ, ಮೈಮೇಲೆ ಕಾದ ಕಬ್ಬಿಣದ ಬರೆ. ಹಿಂಸೆ ಕೊಟ್ಟಿದ್ದಕ್ಕೆ ಈ ಗುರುತು ಹೊಂದುತ್ತೆ ಅಂತ ಡಾಕ್ಟ್ರು ಬರೆದುಕೊಟ್ರು. ಟ್ರಿಬ್ಯೂನಲ್ಲು ಅದನ್ನ ನಂಬದೆ, ಆಶ್ರಯ ಸಿಗಲಿ ಅಂತ ಇವನೇ ಯಾರ ಕೈಲೋ ಬರೆ ಹಾಕಿಸ್ಕೊಂಡಿರಬಹುದು ಅನ್ನೋ ದಾರಿ ಹಿಡೀತು. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ತೀರ್ಪನ್ನ ತೆಗೆದುಹಾಕಿ, ಯಾರಾದ್ರೂ ತಮಗೆ ತಾವೇ ಹೀಗೆ ಮಾಡಿಸ್ಕೊಳ್ಳೋದು ತೀರಾ ಅಪರೂಪ ಅಂತ ಹೇಳಿ ಮತ್ತೆ ವಿಚಾರಣೆಗೆ ಕಳಿಸ್ತು.

ಇದನ್ನ ಓದಿದಾಗ ನಂಗೆ ಕೋರ್ಸಲ್ಲಿ ಓದಿದ್ದ ಡ್ರೇಫಸ್ ಕಥೆ ನೆನಪಾಯ್ತು. 1894, ಫ್ರೆಂಚ್ ಸೈನ್ಯದ ಯಹೂದಿ ಅಧಿಕಾರಿ, ಒಂದು ಗುಟ್ಟಿನ ಪತ್ರ ಇವನೇ ಬರೆದಿದ್ದು ಅಂತ ಆರೋಪ. ಪತ್ರದ ಬರಹ ಇವನ ಬರಹಕ್ಕೆ ಪೂರ್ತಿ ಹೋಲ್ತಿರ್ಲಿಲ್ಲ. ಆಗ ಪರಿಣತ ಅಂತ ಕರೆಸಿದ್ದ ಬರ್ತಿಯೋಂ ಏನಂದ ಅಂದ್ರೆ, ಹೋಲೋ ಕಡೆ ಅವನ ಬರಹ, ಹೋಲದ ಕಡೆ ಅವನೇ ಬೇಕಂತ ತನ್ನ ಬರಹ ತಿರುಚಿದ್ದು. ನಿರ್ದೋಷಿ ಅಂತ ಆಗೋಕೆ 1906ರವರೆಗೂ ಕಾಯಬೇಕಾಯ್ತು. ಮೊದಲೇ ಸಂಶಯ ಪಟ್ಟೋನ ಮುಂದೆ ನೀವು ಏನಿಟ್ರೂ ಅದು ಸಂಶಯಕ್ಕೇ ಸಾಕ್ಷಿ ಆಗುತ್ತೆ. ಮೂರು ಸಹಿ ಬೇರೆ ಬೇರೆ ಇದ್ದಿದ್ರೆ ನಾನು "ಚಂಚಲ" ಅಂತಿದ್ದೆ, ಒಂದೇ ಥರ ಇದ್ದಿದ್ದಕ್ಕೆ "ಮರೆಮಾಚ್ತಾನೆ" ಅಂದೆ.

ಜರ್ಮನಿಯಲ್ಲಿ 2017ರಿಂದ ದಾಖಲೆ ಇಲ್ಲದೆ ಬಂದೋರ ಮಾತನ್ನ ರೆಕಾರ್ಡ್ ಮಾಡಿ ಇದು ಯಾವ ಕಡೆಯ ಅರಬ್ಬಿ ಅಂತ ಸಾಫ್ಟ್‌ವೇರಿಗೆ ಕೇಳ್ತಾರೆ, ಅಧಿಕಾರಿ ಮುಂದೆ ಅದೂ ಒಂದು ಕಾಗದ ಆಗಿ ಬರುತ್ತೆ. ತಾಳವಾಡಿಯೋನಾಗಿ ನಂಗೆ ಇದು ಭಯ ಹುಟ್ಟಿಸುತ್ತೆ. ನನ್ನ ಮಾತು ಕೇಳಿದ್ರೆ ಯಾರೇ ಆಗ್ಲಿ ಚಾಮರಾಜನಗರದೋನು, ಕರ್ನಾಟಕದೋನು ಅಂತಾರೆ, ನನ್ನ ರೇಷನ್ ಕಾರ್ಡು, ವೋಟು, ಅಪ್ಪ ತಾತನ ಪಟ್ಟಾ ಎಲ್ಲಾ ತಮಿಳ್ನಾಡಿಂದು. ಗಡಿ ಒಂದು ಕಡೆ ಹೋಗುತ್ತೆ, ಮಾತು ಇನ್ನೊಂದು ಕಡೆ ಹೋಗುತ್ತೆ. ಕೆನಡಾಕ್ಕೆ 2010ರಲ್ಲಿ ಸನ್ ಸೀ ಹಡಗಲ್ಲಿ 492 ತಮಿಳರು ಹೋದಾಗ ಮೊದಲು ಬಂಧನ, ಆಮೇಲೆ ಪ್ರಶ್ನೆ. ಆಸ್ಟ್ರೇಲಿಯಾ 2013ರ ಜುಲೈಯಿಂದ ದೋಣಿಯಲ್ಲಿ ಬಂದೋರಿಗೆ ಇಲ್ಲಿ ನೆಲೆಯೇ ಇಲ್ಲ ಅಂತ ಹೇಳಿ ನೌರು, ಪಪುವಾ ನ್ಯೂಗಿನಿಗೆ ಕಳಿಸ್ತು, ಅಂದ್ರೆ ಅವರು ಹೇಳೋದು ನಿಜವೋ ಸುಳ್ಳೋ ಅನ್ನೋದಕ್ಕಿಂತ ಯಾವ ವಾಹನದಲ್ಲಿ ಬಂದ್ರು ಅನ್ನೋದು ಮುಖ್ಯ ಆಯ್ತು.

ನಮ್ಮ ದೇಶದ ಕಥೆ ಇನ್ನೊಂದು ಥರ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತ ಅನ್ನೋನಿಗೆ ಅಂತ ಬೇರೆ ಕಾನೂನೂ ಇಲ್ಲ, ಯಾರು ಬಂದ್ರು, ಯಾವಾಗ ಬಂದ್ರು, ಆಗ ಸರ್ಕಾರದ ಮನಸ್ಸು ಹೇಗಿತ್ತು ಅನ್ನೋದರ ಮೇಲೆ ನಡೆಯುತ್ತೆ. ನಮ್ಮ ಬೆಟ್ಟದಲ್ಲಿ ನಿಂತ್ರೆ ಎರಡೂ ಕಡೆ ಕಾಣುತ್ತೆ. ಕೊಳ್ಳೇಗಾಲದ ಕಡೆ ಹೋದ್ರೆ ಒಡೆಯರಪಾಳ್ಯದಲ್ಲಿ ಟಿಬೆಟಿನೋರು, ಸರ್ಕಾರ ಕೊಟ್ಟ ಜಮೀನಲ್ಲಿ ಮುಸುಕಿನ ಜೋಳ ಬೆಳ್ಕೊಂಡು, ಅವರದೇ ಸ್ಕೂಲು, ಗೊಂಪ ಅನ್ನೋ ಬೌದ್ಧ ಮಠ. ಘಾಟಿ ಇಳಿದ್ರೆ ಭವಾನಿಸಾಗರದಲ್ಲಿ ಇವರು, ಒಂದು ಕೋಣೆ, ತಿಂಗಳ ಸಹಿ. ಟಿಬೆಟಿನೋರ ಕಷ್ಟ ಕಮ್ಮಿ ಅಂತ ಅಲ್ಲ, ಅವರೂ ವಿದೇಶಿಯರು ಅಂತ ಕೊಟ್ಟಿರೋ ನೋಂದಣಿ ಪುಸ್ತಕ ನವೀಕರಿಸ್ತಾನೇ ಇರಬೇಕು. 2019ರ ಪೌರತ್ವ ತಿದ್ದುಪಡಿಯಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ ಮೂರೇ ಇರೋದು, ಶ್ರೀಲಂಕಾ ಇಲ್ಲ.

ಹುಡುಗ ನನ್ನ ಹತ್ರ ಬಂದ ಅದೇ 2022ರ ಆಗಸ್ಟಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ, ಇಂಥದ್ದೇ ಕ್ಯಾಂಪಿನ ನಳಿನಿ ಕಿರುಬಾಕರನ್ ಅನ್ನೋರಿಗೆ ಪಾಸ್‌ಪೋರ್ಟ್ ಕೊಡಿ ಅಂತ ಹೇಳಿತ್ತು. ಅವರು 1986ರಲ್ಲಿ ಮಂಟಪಂನಲ್ಲಿ ಹುಟ್ಟಿದೋರು, 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದೋರು ಹುಟ್ಟಿನಿಂದಲೇ ಪ್ರಜೆಗಳು, 2024ರಲ್ಲಿ ಅವರು ವೋಟೂ ಹಾಕಿದ್ರು. ಹುಡುಗ ಆ ತೀರ್ಪಿನ ಪೇಪರ್ ಕಟಿಂಗ್ ಇಟ್ಕೊಂಡಿದ್ದ. "ನಾನು ಏಳು ವರ್ಷ ತಡ ಸಾರ್" ಅಂದ.

ಆಮೇಲೆ ಆಗಿದ್ದು ಚಿಕ್ಕದಾಗಿ ಹೇಳ್ತೀನಿ. ಮಿಲ್ಲಿಗೆ ಹೋಗಿ ಮ್ಯಾನೇಜರಿಗೆ ನನ್ನ ರಿಪೋರ್ಟಿಗೆ ಆಧಾರ ಇಲ್ಲ, ವಾಪಸ್ ತಗೋತೀನಿ ಅಂತ ಬರೆದುಕೊಟ್ಟೆ, ನಾಲ್ಕೂ ಹಾಳೆಯ ಫೀಸು ಹಿಂದಕ್ಕೆ ಕೊಟ್ಟೆ. ಅವರಿಗೆ ಬೇಜಾರಾಯ್ತು, "ಕೆಲಸ ತುಂಬ್ಬಿಟ್ಟಿದೆಯಲ್ಲಾ ಮೇಷ್ಟ್ರೇ, ಈಗ ಏನ್ ಮಾಡ್ಲಿ" ಅಂದ್ರು, ಅವರ ಮಾತಲ್ಲೂ ತಪ್ಪಿರ್ಲಿಲ್ಲ. ಗೋಡೆ ಮೇಲಿನ ಸರ್ಟಿಫಿಕೇಟು ಇಳಿಸ್ದೆ. ಅಕ್ಷರ ತಿದ್ದೋ ಕ್ಲಾಸು ಈಗ್ಲೂ ಇದೆ, ಸ್ವಭಾವ ಹೇಳೋದು ಇಲ್ಲ. ಹುಡುಗ ಈಗ ಒಂದು ಆಡಿಟರ್ ಆಫೀಸಲ್ಲಿ ಇದ್ದಾನೆ, ಅಲ್ಲಿ ಕೈಬರಹ ಕೇಳ್ಲಿಲ್ಲ, ಕಂಪ್ಯೂಟರ್ ಮುಂದೆ ಕೂರಿಸಿ ಒಂದು ತಿಂಗಳ ಲೆಕ್ಕ ಕೊಟ್ಟು ಮಾಡಿ ತೋರಿಸು ಅಂದ್ರಂತೆ.

ಮಿಲ್ಲಿಗೆ ಕೊಟ್ಟ ಆ ವಾಪಸಾತಿ ಪತ್ರದ ಒಂದು ಕಾಪಿ ಅವನಿಗೂ ಕೊಟ್ಟೆ. ತಗೊಂಡು ಓದ್ದ, ಬ್ಯಾಗಿಂದ ಹಳೇ ರಿಪೋರ್ಟು ತೆಗೆದು ಎರಡನ್ನೂ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟ, ಸುಮಾರು ಹೊತ್ತು ನೋಡ್ದ. ಎರಡರಲ್ಲೂ ನನ್ನ ಸಹಿ ಒಂದೇ ಥರ ಇರ್ಲಿಲ್ಲ, ಹೊಸದು ಅವಸರದಲ್ಲಿ ಹಾಕಿದ್ದು. "ಸಾರ್, ಬೇಜಾರು ಮಾಡ್ಕೋಬೇಡಿ, ಇದನ್ನ ಹಳೇದ್ರ ಥರಾನೇ ಇನ್ನೊಂದ್ಸಲ ಹಾಕ್ಕೊಡಿ, ಯಾರಾದ್ರೂ ಕೇಳಿದ್ರೆ ತೊಂದ್ರೆ ಆಗುತ್ತೆ" ಅಂದ. ಹೊಸ ಹಾಳೆ ತಗೊಂಡು ಪೂರ್ತಿ ಮತ್ತೆ ಬರೆದೆ, ಹಳೇದನ್ನ ಮುಂದಿಟ್ಕೊಂಡು ನೋಡಿ ನೋಡಿ ಸಹಿ ಹಾಕ್ದೆ.